ಕುದುರೆಯ ಕಿವಿ, ಕರಡಿಯ ಮೂಗು

ಶುಭಕಾರ್ಯದ ನಡುವೆ ಅನಪೇಕ್ಷಿತವಾದುದು ಒದಗಿ ಬಂದಾಗ ‘ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ’ ಎನ್ನುವುದು ಕನ್ನಡಿಗರ ವಾಡಿಕೆ. ಇಲ್ಲಿಯ ಕರಡಿ ಮೃಗವಲ್ಲ, ಲಿಂಗವನ್ನಿಡುವ ಕರಡಿಗೆ ಎಂದು ಅರ್ಥ ಹೇಳುವವರೂ ಉಂಟು. ಅದೇನೇ ಇರಲಿ, ಮಹಾನಗರದಲ್ಲಿ ನೆಲೆಸಿದ ಕನ್ನಡಿಗನ ಪಾಲಿಗೆ ಕರಡಿಯು ಬಹುಮಟ್ಟಿಗೆ ಒಂದು ಗಾದೆಯಾಗಿಯೇ ಉಳಿದಿದೆ. ಬಳ್ಳಾರಿ, ಕೊಪ್ಪಳ, ತುಮಕೂರು ಸೀಮೆಗಳ ಕುರುಚಲು ಗುಡ್ಡಗಳ ಅಂಚಿನಲ್ಲಿ ಬದುಕುವ ರೈತನಿಗಾದರೋ ಅದು ಗಾದೆಯಲ್ಲ; ನಸುಕಿನಲ್ಲಿ ಹೊಲಕ್ಕೆ ಹೋಗುವ ಹಾದಿಯಲ್ಲಿ ಎದುರಾಗಬಹುದಾದ ನಿಜವಾದ ಅಪಾಯ.

ಈಚಿನ ವರ್ಷಗಳಲ್ಲಿ ನಗರವಾಸಿಗಳಲ್ಲಿ ಕುದುರೆ ಸವಾರಿಯ ಹವ್ಯಾಸ ಬೆಳೆಯುತ್ತಿದೆ. ಮೈದಾನದ ಸುತ್ತು ಮುಗಿಸಿ, ಗುಡ್ಡಗಾಡಿನ ಹಾದಿಯಲ್ಲಿ ಕುದುರೆಯೇರಿ ಸಾಗುವ ಉತ್ಸಾಹ ತರುಣರಲ್ಲಿ ಕಾಣುತ್ತದೆ. ಅಂತಹ ಹಾದಿಯಲ್ಲಿ ಕಾಡುಮೃಗ ಎದುರಾದರೆ ಕುದುರೆ ಏನು ಮಾಡುತ್ತದೆ, ಸವಾರ ಏನು ಮಾಡಬೇಕು, ಗಾಯವಾದರೆ ಮೊದಲ ಒಂದು ಗಂಟೆಯಲ್ಲಿ ಯಾವ ಉಪಚಾರ ನಡೆಯಬೇಕು ಎಂಬುದು ಆರೋಗ್ಯದ ದೃಷ್ಟಿಯಿಂದಲೂ ತಿಳಿದಿರಬೇಕಾದ ವಿಷಯ. ಪುಣೆಯ ಕನ್ನಡಿಗರಿಗೆ ಈ ವಿಚಾರ ದೂರದ್ದಲ್ಲ. ಅರವತ್ತೇಳು ಕಿಲೋಮೀಟರಿನಷ್ಟು ಪೂರ್ವಕ್ಕಿರುವ ಶಿರೂರಿನ ಕಡೆ ನೋಡಿದರೆ ಸಾಕು.

ಕುದುರೆಯ ನದಿಯ ದಂಡೆಯ ಊರು

ಶಿರೂರು ಎಂದೊಡನೆ ಕನ್ನಡಿಗನಿಗೆ ಬಾಗಲಕೋಟೆಯ ಶಿರೂರು, ಬೈಂದೂರಿನ ಶಿರೂರು, ಅಂಕೋಲೆಯ ಶಿರೂರು ನೆನಪಾಗುವುದು ಸಹಜ. ‘ಊರು’ ಎಂದು ಕೊನೆಗೊಳ್ಳುವ ಹೆಸರುಗಳು ಮಹಾರಾಷ್ಟ್ರದ ನೆಲದಲ್ಲಿ ಅಲ್ಲಲ್ಲಿ ಉಳಿದುಬಂದಿರುವುದನ್ನು ಕನ್ನಡದ ಸಂಶೋಧಕರು ಹಿಂದೆಯೇ ಗುರುತಿಸಿದ್ದಾರೆ. ಪುಣೆ ಜಿಲ್ಲೆಯ ಈ ಶಿರೂರು ಘೋಡ್ ನದಿಯ ದಂಡೆಯಲ್ಲಿದೆ; ಊರಿಗೆ ಘೋಡನದಿ ಎಂಬ ಹೆಸರೂ ಬಳಕೆಯಲ್ಲಿದೆ. ಮರಾಠಿಯಲ್ಲಿ ಘೋಡಾ ಎಂದರೆ ಕುದುರೆ.

ಹೆಸರಿಗೆ ತಕ್ಕಂತೆ ಈ ಊರಿಗೂ ಅಶ್ವಕ್ಕೂ ಹಳೆಯ ನಂಟು. ಬ್ರಿಟಿಷರ ಕಾಲದಲ್ಲಿ ಶಿರೂರು ದಂಡಿನ ಠಾಣೆಯಾಗಿತ್ತು. 1817ರಲ್ಲಿ ಪೇಶ್ವೆ ಎರಡನೆಯ ಬಾಜೀರಾಯನೊಡನೆ ಆದ ಒಪ್ಪಂದದ ಫಲವಾಗಿ ಹುಟ್ಟಿದ ಪೂನಾ ಅಶ್ವದಳದ ಒಂದು ತುಕಡಿ, ಕ್ಯಾಪ್ಟನ್ ಸ್ಟಾಂಟನ್ನನ ಕಾಲ್ದಳದೊಡನೆ ಇದೇ ಶಿರೂರಿನಿಂದ ಹೊರಟು, 1818ರ ಜನವರಿ 1ರಂದು ಇದೇ ತಾಲ್ಲೂಕಿನ ಕೋರೆಗಾಂವ್ ಭೀಮಾದಲ್ಲಿ ಕಾದಿತು.

ದಂಡು ಹೋಯಿತು; ಕುದುರೆ ಹೋಗಲಿಲ್ಲ. ಶಿರೂರು, ಖೇಡ್, ಆಂಬೇಗಾಂವ್, ಜುನ್ನರ ತಾಲ್ಲೂಕುಗಳ ಜಾತ್ರೆಗಳಲ್ಲಿ ನಡೆಯುವ ಎತ್ತಿನ ಗಾಡಿಯ ಓಟದಲ್ಲಿ ಎತ್ತುಗಳ ಮುಂದೆ ಸವಾರನನ್ನು ಹೊತ್ತ ಕುದುರೆಯೊಂದು ಓಡುವ ಪದ್ಧತಿಯುಂಟು. ವರ್ಷಗಳ ನಿಷೇಧದ ನಂತರ 2021ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಓಟಕ್ಕೆ ಅನುಮತಿಯಿತ್ತು, 2023ರ ಮೇ ತಿಂಗಳಲ್ಲಿ ಅದನ್ನು ಎತ್ತಿಹಿಡಿಯಿತು.

ಆದರೆ ಈ ಸೀಮೆಯಲ್ಲಿ ಕುದುರೆಯೊಡನೆ ನಿಜವಾಗಿ ದಾರಿ ನಡೆಯುವವರು ಧನಗರರು, ಅಂದರೆ ಇಲ್ಲಿಯ ಕುರುಬರು. ದೀಪಾವಳಿ ಕಳೆದ ಮೇಲೆ ಮಳೆ ಕಡಮೆಯಾದ ಬಯಲಿನಿಂದ ಅವರ ಕುರಿಹಿಂಡುಗಳು ಮೇವು ಅರಸಿ ಪಶ್ಚಿಮಕ್ಕೆ, ಘಟ್ಟ ಇಳಿದು ಕೊಂಕಣದವರೆಗೂ ಹೋಗುತ್ತವೆ. ಗಂಡಸರು ಹಿಂಡಿನೊಡನೆ ನಡೆದರೆ, ಹೆಂಗಸರು ಪಾತ್ರೆ, ಹಾಸಿಗೆ, ಕೋಳಿ, ಎಳೆಯ ಮರಿಗಳನ್ನು ಹೇರಿದ ಕುದುರೆಗಳನ್ನು ಹಿಡಿದು ಮುಂದೆ ಸಾಗುತ್ತಾರೆ. ಕೆಲವೊಮ್ಮೆ ಹೊರೆಯ ಮೇಲೆ ಪುಟ್ಟ ಮಗುವೂ ಕುಳಿತಿರುತ್ತದೆ. ಚಿಕ್ಕೋಡಿ, ರಾಯಬಾಗ ಕಡೆಯ ಸಂಚಾರಿ ಕುರುಬರನ್ನು ಕಂಡವರಿಗೆ ಈ ನೋಟ ಹೊಸದಲ್ಲ. ಧನಗರರ ಬಿರೋಬಾ ನಮ್ಮ ಬೀರಪ್ಪನೇ. ಪುಣೆ ಜಿಲ್ಲೆಯ ಜೇಜೂರಿಯ ಖಂಡೋಬಾ ನಮ್ಮ ಮೈಲಾರಲಿಂಗನೇ. ಖಂಡೋಬಾ ಕುದುರೆಯೇರಿದ ದೇವರು, ಜೊತೆಗೆ ನಾಯಿ. ಹೂವಿನ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಆ ದೇವರ ಭಕ್ತರಾದ ಗೊರವರು ಕರಿಯ ಕಂಬಳಿ ಹೊದ್ದು, ಡಮರುಗ ಹಿಡಿದು, ಕರಡಿಯ ಕೂದಲಿನ ಟೊಪ್ಪಿಗೆ ಧರಿಸಿ ಕುಣಿಯುತ್ತಾರೆ. ಕುದುರೆಯೂ ಕರಡಿಯೂ ಹೀಗೆ ಒಂದೇ ದೇವರ ಪರಿವಾರದಲ್ಲಿ ಸೇರಿರುವುದು, ಈ ಜನರು ಎರಡು ಪ್ರಾಣಿಗಳ ನಡುವೆ ಬಾಳಿ ಬಂದವರೆಂಬುದನ್ನು ನೆನಪಿಸುತ್ತದೆ.

ಶಿರೂರಿನ ಕಬ್ಬಿನ ಗದ್ದೆಯ ಚಿರತೆ

ಧನಗರರ ಕುದುರೆಗೆ ಇಂದು ಶಿರೂರಿನ ದಾರಿಯಲ್ಲಿ ಎದುರಾಗುವುದು ಚಿರತೆ. ಕಾಲುವೆಯ ನೀರು ಬಂದು ಕಬ್ಬು ಹಬ್ಬಿದ ಮೇಲೆ ಆಳೆತ್ತರದ ಆ ಬೆಳೆಯೇ ಚಿರತೆಗೆ ಕಾಡಾಯಿತು. ಅಡಗಲು ನೆರಳು, ಕುಡಿಯಲು ನೀರು, ತಿನ್ನಲು ನಾಯಿ, ಹಂದಿ, ಕುರಿಮರಿ. ಹೆಣ್ಣು ಚಿರತೆ ಕಬ್ಬಿನಲ್ಲಿಯೇ ಮರಿ ಹಾಕುತ್ತದೆ. ಕಬ್ಬು ಕಡಿಯುವಾಗ ಮರಿಗಳು ಸಿಗುವುದು ಪ್ರತಿವರ್ಷದ ಸುದ್ದಿ. ಅಂತಹ ಮರಿಗಳನ್ನು ತಾಯಿಯೊಡನೆ ಮತ್ತೆ ಸೇರಿಸುವ ಕೆಲಸವನ್ನು ಅರಣ್ಯ ಇಲಾಖೆ ಹಾಗೂ ಜುನ್ನರದ ಮಾಣಿಕಡೋಹ ಚಿರತೆ ಕೇಂದ್ರದವರು ಮಾಡುತ್ತ ಬಂದಿದ್ದಾರೆ.

ಈ ಸಹವಾಸಕ್ಕೆ ತೆರಬೇಕಾದ ಬೆಲೆ ಕೆಲವೊಮ್ಮೆ ಭಯಂಕರವಾದುದು. 2025ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ, ಮೂರು ವಾರಗಳಷ್ಟು ಅವಧಿಯೊಳಗೆ, ಶಿರೂರು ತಾಲ್ಲೂಕಿನ ಪಿಂಪರಖೇಡ ಪರಿಸರದಲ್ಲಿ ಇಬ್ಬರು ಮಕ್ಕಳೂ ಒಬ್ಬ ವೃದ್ಧೆಯೂ ಚಿರತೆಗೆ ಬಲಿಯಾದರು. ರೊಚ್ಚಿಗೆದ್ದ ಜನ ಹೆದ್ದಾರಿ ತಡೆದರು. ಕೊನೆಗೆ ಅರಣ್ಯ ಇಲಾಖೆ ಚಿರತೆಯೊಂದನ್ನು ಗುಂಡಿಟ್ಟು ಕೊಲ್ಲಿಸಿತು. ನಗರದಿಂದ ಒಂದೂವರೆ ತಾಸಿನ ದಾರಿಯಲ್ಲಿ ಇಂದಿಗೂ ತಾಯಂದಿರು ಸಂಜೆಯಾದೊಡನೆ ಮಕ್ಕಳನ್ನು ಒಳಗೆ ಕೂಡಿಹಾಕಬೇಕಾಗಿದೆ ಎಂಬುದು ವಿಚಾರ ಮಾಡತಕ್ಕ ಸಂಗತಿ.

ಕರಡಿಯ ತವರು

ಕರಡಿಯನ್ನು ಕಾಣಬೇಕಾದರೆ ತಾಯ್ನಾಡಿಗೇ ಹೋಗಬೇಕು. ಹಂಪಿಯಿಂದ ಹದಿನೈದು ಕಿಲೋಮೀಟರಿನಷ್ಟು ದೂರದಲ್ಲಿ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಸೀಮೆಯಲ್ಲಿ, ದರೋಜಿ ಕರಡಿಧಾಮವಿದೆ. 1994ರಲ್ಲಿ ಸ್ಥಾಪಿತವಾದ ಈ ಧಾಮ ಮುಂದೆ ವಿಸ್ತಾರಗೊಂಡು ಸುಮಾರು 82 ಚದರ ಕಿಲೋಮೀಟರ್ ಆಗಿದೆ. ಬಂಡೆಗಳ ನಡುವಿನ ಗವಿಗಳಲ್ಲಿ ಹಗಲು ಕಳೆಯುವ ಕರಡಿಗಳು ಇಳಿಹೊತ್ತಿನಲ್ಲಿ ಹೊರಬರುತ್ತವೆ. ಕರಡಿಕಲ್ಲು ಗುಡ್ಡದ ಎದುರಿನ ವೀಕ್ಷಣಾ ಗೋಪುರದಿಂದ ಅವನ್ನು ನೋಡಬಹುದು. ಬಂಡೆಗಳಿಗೆ ಬೆಲ್ಲದ ಪಾಕ ಹಚ್ಚಿ ಕರಡಿಗಳನ್ನು ಆಕರ್ಷಿಸುವ ಕ್ರಮವೂ ಅಲ್ಲಿ ನಡೆದು ಬಂದಿದೆ. ರಾಮಾಯಣದ ಕಿಷ್ಕಿಂಧೆ ಇದೇ ಹಂಪಿ–ಆನೆಗೊಂದಿಯ ಪ್ರದೇಶವೆಂಬ ನಂಬಿಕೆ ಇರುವುದರಿಂದ, ಜಾಂಬವಂತನ ಕುಲ ಇಲ್ಲಿ ಉಳಿದಿರುವುದು ಭಾವುಕರಿಗೆ ಸೂಕ್ತವೆನಿಸುತ್ತದೆ.

ನಮ್ಮ ಕರಡಿ ಮಾಂಸಕ್ಕಾಗಿ ಬೇಟೆಯಾಡುವ ಪ್ರಾಣಿಯಲ್ಲ. ಗೆದ್ದಲು, ಇರುವೆ, ಜೇನು, ನೇರಳೆ, ಅತ್ತಿ, ಎಲಚಿ, ಸೀತಾಫಲ ಇವೇ ಅದರ ಆಹಾರ. ಮೇಲ್ದವಡೆಯ ನಡುವಿನ ಎರಡು ಹಲ್ಲುಗಳಿಲ್ಲದಿರುವುದರಿಂದ, ತುಟಿಗಳನ್ನು ಕೊಳವೆಯಂತೆ ಮಾಡಿ ಹುತ್ತದೊಳಗಿನ ಗೆದ್ದಲನ್ನು ಹೀರಿಕೊಳ್ಳುತ್ತದೆ. ಆ ಹೀರುವ ಸದ್ದು ಸಾಕಷ್ಟು ದೂರ ಕೇಳುತ್ತದೆ. ಮೂಗು ಬಲು ಚುರುಕು. ಕಣ್ಣು ಮತ್ತು ಕಿವಿ ಅಷ್ಟಕ್ಕಷ್ಟೇ. ಅಪಾಯದ ಗುಟ್ಟು ಇಲ್ಲಿಯೇ ಇದೆ. ಗಾಳಿ ಎದುರಿನಿಂದ ಬೀಸುತ್ತಿದ್ದರೆ ಮನುಷ್ಯನ ವಾಸನೆ ಅದಕ್ಕೆ ತಲುಪುವುದಿಲ್ಲ. ಹುತ್ತ ಅಗೆಯುವುದರಲ್ಲಿ ಮಗ್ನವಾದ ಅದಕ್ಕೆ ಹೆಜ್ಜೆಯ ಸಪ್ಪಳವೂ ಕೇಳುವುದಿಲ್ಲ. ಹತ್ತಿಪ್ಪತ್ತು ಹೆಜ್ಜೆಯಲ್ಲಿ ಮನುಷ್ಯ ತಟ್ಟನೆ ಕಂಡಾಗ ಗಾಬರಿಯಿಂದ ಮೇಲೆ ಬೀಳುತ್ತದೆ. ಹಿಂಗಾಲುಗಳ ಮೇಲೆ ನಿಂತು, ಗೆದ್ದಲ ಹುತ್ತವನ್ನೊಡೆಯುವ ಉಗುರುಗಳಿಂದಲೇ ತಲೆ ಮತ್ತು ಮುಖಕ್ಕೆ ಹೊಡೆಯುತ್ತದೆ. ಮರಿಗಳನ್ನು ಬೆನ್ನಿನ ಮೇಲೆ ಹೊತ್ತು ತಿರುಗುವ ತಾಯಿಯಾದರೆ ಕೋಪ ಇಮ್ಮಡಿ.

ಮಧ್ಯಪ್ರದೇಶದಲ್ಲಿ 1989ರ ಏಪ್ರಿಲ್‌ನಿಂದ 1994ರ ಮಾರ್ಚ್‌ವರೆಗಿನ ಐದು ವರ್ಷಗಳ ಲೆಕ್ಕ ತೆಗೆದಾಗ 735 ಜನ ಕರಡಿಯ ದಾಳಿಗೆ ತುತ್ತಾಗಿದ್ದು, ಅವರಲ್ಲಿ 48 ಜನ ಮೃತರಾಗಿದ್ದರು. ಈ ಅಂಕಿಗಳನ್ನು ಇನ್ನೊಂದು ರೀತಿಯಲ್ಲಿ ಓದಬೇಕು: ಬದುಕಿ ಉಳಿದ ಸುಮಾರು ಏಳುನೂರು ಜನ. ಕರಡಿಯಿಂದ ಬದುಕಿ ಬಂದವನು ಅನೇಕ ವೇಳೆ ಕಣ್ಣು, ಮೂಗು, ದವಡೆ ಕಳೆದುಕೊಂಡೇ ಬಂದಿರುತ್ತಾನೆ. ಸೌದೆಗೆ ಹೋದ ಹೆಂಗಸು, ದನಗಾಹಿ ಹುಡುಗ, ಕಾಡಿನ ಹಣ್ಣು ಆರಿಸುವ ಕೂಲಿಯವರು ಇವರೇ ಬಹುತೇಕ ಗಾಯಾಳುಗಳು. ಅರಸೀಕೆರೆಯ ಪೂರ್ವದ ನಾಗವಾರ ಗುಡ್ಡಗಳಲ್ಲಿ ಹನ್ನೆರಡು ಜನರನ್ನಾದರೂ ಕೊಂದ ಕರಡಿಯೊಂದನ್ನು ಬೇಟೆಗಾರ ಕೆನೆತ್ ಆಂಡರ್ಸನ್ ಹೊಡೆದ ವೃತ್ತಾಂತ ಪ್ರಸಿದ್ಧವಾದುದು. ಆದರೆ ಅಂತಹ ಕರಡಿ ಅಪರೂಪ. ಹೆಚ್ಚಿನ ದಾಳಿಗಳು ಕೆಲವು ಕ್ಷಣಗಳ ಗಾಬರಿಯ ಫಲ.

ಕುದುರೆ ಮೊದಲು ಕಾಣುತ್ತದೆ

ಕಾಲ್ನಡೆಯವನಿಗಿಂತ ಸವಾರನಿಗೆ ಒಂದು ಅನುಕೂಲವುಂಟು. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ, ನೇರ ಹಿಂದಿನ ಹಾಗೂ ಹಣೆಯ ಮುಂದಿನ ಸಣ್ಣ ಭಾಗಗಳನ್ನು ಬಿಟ್ಟು, ಸುತ್ತಲಿನ ಎಲ್ಲವೂ ಅದಕ್ಕೆ ಕಾಣುತ್ತದೆ. ಎರಡು ಕಿವಿಗಳನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಬಲ್ಲದು. ಮೂಗಿನ ಶಕ್ತಿಯೂ ಮನುಷ್ಯನದಕ್ಕಿಂತ ಮಿಗಿಲು. ನಡೆಯುತ್ತಿದ್ದ ಕುದುರೆ ಹಠಾತ್ತನೆ ನಿಂತು, ಕತ್ತೆತ್ತಿ, ಎರಡು ಕಿವಿಗಳನ್ನೂ ಒಂದೇ ಕಡೆ ನಿಮಿರಿಸಿ, ಮೂಗಿನಿಂದ ಬುಸುಗುಟ್ಟಿದರೆ, ಸವಾರನು ಅದನ್ನು ಮೊಂಡುತನವೆಂದು ತಿಳಿದು ಹಿಮ್ಮಡಿಯಿಂದ ತಿವಿಯಕೂಡದು. ಆ ದಿಕ್ಕಿನಲ್ಲಿ ಏನೋ ಇದೆ. ಧನಗರ ಹೆಂಗಸರು ರಾತ್ರಿ ಬೀಡಾರದಲ್ಲಿ ನಾಯಿಯ ಬೊಗಳಿಕೆಯಷ್ಟೇ ಗಮನವನ್ನು ಕುದುರೆಯ ಕೆನೆತಕ್ಕೂ ಕೊಡಬೇಕಾದುದು ಇದರಿಂದಲೇ.

ಗೊರಸಿನ ಸದ್ದು ಮತ್ತು ಕುದುರೆಯ ಗಾತ್ರ ಎರಡೂ ಸವಾರನಿಗೆ ರಕ್ಷೆ. ಮೃಗಕ್ಕೆ ಮುನ್ಸೂಚನೆ ಸಿಕ್ಕಿ ಅದು ತಾನಾಗಿ ದಾರಿ ಬಿಡುವ ಸಂಭವವೇ ಹೆಚ್ಚು. ಅಪಾಯ ಬರುವುದು ಕುದುರೆ ಬೆದರಿ ಓಡಿದಾಗ. ಕರಡಿಯ ಉಗುರಿಗಿಂತ ಬಂಡೆಯ ಮೇಲೆ ಬಿದ್ದ ಪೆಟ್ಟು ಸವಾರನನ್ನು ಕೊಲ್ಲುವ ಸಾಧ್ಯತೆಯೇ ಹೆಚ್ಚೆನ್ನಬಹುದು.

ಅಮೆರಿಕದ ಮೊಂಟಾನಾ ಸಂಸ್ಥಾನದಲ್ಲಿ ಗ್ಲೇಶಿಯರ್ ರಾಷ್ಟ್ರೀಯ ಉದ್ಯಾನದ ಬಳಿ 2011ರ ಜುಲೈನಲ್ಲಿ ನಡೆದ ಘಟನೆ ಈ ಎರಡನ್ನೂ ತೋರಿಸುತ್ತದೆ. ಮಾರ್ಗದರ್ಶಿ ತರುಣಿಯೊಬ್ಬಳು ಎಂಟು ಜನ ಪ್ರವಾಸಿಗಳನ್ನು ಕುದುರೆಗಳ ಮೇಲೆ ಕಾಡಿನ ಹಾದಿಯಲ್ಲಿ ಕರೆದೊಯ್ಯುತ್ತಿದ್ದಳು. ಗ್ರಿಜ್ಲಿ ಜಾತಿಯ ಕರಡಿಯೊಂದು ಅಟ್ಟಿಸಿಕೊಂಡು ಬಂದ ಜಿಂಕೆ ಅವರ ನಡುವೆಯೇ ಹಾರಿತು. ಎಂಟು ವರ್ಷದ ಹುಡುಗನಿದ್ದ ಕುದುರೆ ಬೆದರಿ ಜಿಂಕೆಯ ಹಿಂದೆ ಓಡಿತು. ಕರಡಿ ಅದರ ಬೆನ್ನು ಹತ್ತಿತು. ತರುಣಿಯ ಕುದುರೆ ಟೊಂಕ್, ಪರ್ಷೆರಾನ್ ಎಂಬ ಭಾರಿ ತಳಿಯ ಸಂಕರ, ಎತ್ತರವಾದ ಬಿಳಿಯ ಪ್ರಾಣಿ. ಅವಳು ಅದನ್ನು ಹುಡುಗನಿಗೂ ಕರಡಿಗೂ ನಡುವೆ ತಂದು, ಕೂಗುತ್ತ ಕರಡಿಯ ಮೇಲೆಯೇ ಮತ್ತೆ ಮತ್ತೆ ನುಗ್ಗಿಸಿದಳು. ಕೆಳಗೆ ಬಿದ್ದಿದ್ದ ಹುಡುಗ ದೊಡ್ಡ ಗಾಯವಿಲ್ಲದೆ ಉಳಿದ; ಕರಡಿ ಹಿಮ್ಮೆಟ್ಟಿತು. ಇದು ಅನುಭವಸ್ಥ ಸವಾರಳೂ ಅಂಜದ ಕುದುರೆಯೂ ಕೂಡಿ ಮಾಡಿದ ಕೆಲಸ. ವಾರಾಂತ್ಯದ ಸವಾರನಿಗೆ ಅನುಕರಣೀಯವಲ್ಲ. ಹುಡುಗನ ಕುದುರೆ ಓಡಿದೊಡನೆ ಕರಡಿ ಅದನ್ನೇ ಹಿಂಬಾಲಿಸಿತೆಂಬುದನ್ನು ಎಲ್ಲರೂ ನೆನಪಿಡಬೇಕು.

ಎದುರಾದಾಗ ಮಾಡತಕ್ಕುದು

ಕುದುರೆಯ ಮೇಲಿರುವವರು: ಗುಂಪು ಚದುರದೆ ಒತ್ತಾಗಿ ನಿಲ್ಲಬೇಕು. ಇಳಿಯುವ ಆತುರ ಬೇಡ. ಇಳಿದರೆ ಸವಾರ ಚಿಕ್ಕವನಾಗುತ್ತಾನೆ, ಕುದುರೆ ಲಗಾಮು ಕಿತ್ತುಕೊಂಡು ಹೋಗುತ್ತದೆ. ಕುದುರೆಯ ಮುಖ ಮೃಗದ ಕಡೆಗಿರಲಿ. ತಾನು ಹೆದರಿದ್ದನ್ನು ನೋಡಲು ಬಿಟ್ಟರೆ ಅದು ಕೆಲಮಟ್ಟಿಗೆ ಶಾಂತವಾಗುತ್ತದೆ. ಸಮಾಧಾನದ ದನಿಯಲ್ಲಿ ಮಾತನಾಡುತ್ತ ನಿಧಾನವಾಗಿ ಹಿಂದೆ ಸರಿಯಬೇಕು. ನಾಗಾಲೋಟ ಸರ್ವಥಾ ಕೂಡದು. ಗಟ್ಟಿಯಾದ ಶಿರಸ್ತ್ರಾಣವಿಲ್ಲದೆ ಕಾಡುಹಾದಿಗೆ ಹೋಗಲೇಬಾರದು. ಪಾದ ರಿಕಾಪಿನಲ್ಲಿ ಸಿಕ್ಕಿಕೊಳ್ಳದಂತೆ ಹಿಮ್ಮಡಿಯಿರುವ ಪಾದರಕ್ಷೆ ಇರಲಿ.

ಕಾಲ್ನಡೆಯವರು, ಕರಡಿ ಎದುರಾದರೆ: ಓಡಬಾರದು, ಮರ ಹತ್ತಬಾರದು, ಕರಡಿ ಎರಡರಲ್ಲಿಯೂ ನಮಗಿಂತ ಮುಂದು. ದೂರವಿದ್ದರೆ ಮೆಲ್ಲಗೆ ಮಾತನಾಡುತ್ತ ಹಿಂದೆ ಸರಿಯಬೇಕು. ಮೇಲೆ ಬಿದ್ದೇ ಬಿಟ್ಟರೆ ಬೋರಲಾಗಿ ಮಲಗಿ, ಕೈಬೆರಳುಗಳನ್ನು ಕತ್ತಿನ ಹಿಂದೆ ಹೆಣೆದು, ಮುಖವನ್ನು ನೆಲಕ್ಕೆ ಒತ್ತಿ ಕಾಪಾಡಿಕೊಳ್ಳಬೇಕು. ಬೆನ್ನಿನ ಚೀಲ ಬೆನ್ನಿನ ಮೇಲೆಯೇ ಇರಲಿ. ಗಾಬರಿ ತೀರಿದ ಮೇಲೆ ಕರಡಿ ಸಾಮಾನ್ಯವಾಗಿ ಹೊರಟುಹೋಗುತ್ತದೆ.

ಚಿರತೆ ಎದುರಾದರೆ: ಕ್ರಮ ಬೇರೆ. ಇಲ್ಲಿ ಮಲಗುವುದು, ಕುಕ್ಕರುಗಾಲಿನಲ್ಲಿ ಕೂರುವುದು, ಬಗ್ಗುವುದು ಅಪಾಯಕಾರಿ. ಕುಳ್ಳಾದ ಆಕೃತಿ ಬೇಟೆಯಂತೆ ಕಾಣುತ್ತದೆ. ನೆಟ್ಟಗೆ ನಿಂತು, ಕೈಯೆತ್ತಿ, ದೊಡ್ಡ ದನಿ ಮಾಡಬೇಕು, ಮಕ್ಕಳನ್ನು ಎತ್ತಿಕೊಳ್ಳಬೇಕು. ಹಾಗೆಯೂ ಮೇಲೆ ಬಿದ್ದರೆ ಸಿಕ್ಕಿದ್ದರಿಂದ ಎದುರಿಸಬೇಕು. ಶಿರೂರಿನ ಕಡೆಯ ಹೊಲಮನೆಗಳಲ್ಲಿ ತಂಗುವವರು ಕತ್ತಲಾದ ಮೇಲೆ ಮಕ್ಕಳನ್ನು ಕಬ್ಬಿನ ಅಂಚಿಗೆ ಬಿಡಬಾರದು. ಬಯಲಿಗೆ ಹೋಗಬೇಕಾದವರು ದೀಪ ಹಿಡಿದು, ಜೊತೆಗಾರರೊಡನೆ, ಮಾತನಾಡುತ್ತ ಹೋಗಬೇಕು. ಮರಿಗಳು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಮಹಾರಾಷ್ಟ್ರದಲ್ಲಿ ಇದಕ್ಕಾಗಿ 1926 ಎಂಬ ದೂರವಾಣಿ ಸಂಖ್ಯೆಯಿದೆ.

ಗಾಯವಾದಾಗ ಮೊದಲ ಗಂಟೆ

ಮೊದಲು ಎಲ್ಲರೂ ಮೃಗದಿಂದ ದೂರವಾಗಬೇಕು. ಅನಂತರ ಉಸಿರಾಟದ ಕಡೆ ಗಮನ. ಮುಖದ ಗಾಯದಲ್ಲಿ ರಕ್ತ ಗಂಟಲಿಗಿಳಿದು ಉಸಿರು ಕಟ್ಟುವ ಭಯವಿದೆ. ಎಚ್ಚರವಿರುವ ರೋಗಿಯನ್ನು ಮುಂದಕ್ಕೆ ಬಾಗಿಸಿ ಕೂರಿಸಬೇಕು. ಎಚ್ಚರ ತಪ್ಪಿದವನನ್ನು ಕತ್ತು ತಿರುಚದಂತೆ ಪಕ್ಕಕ್ಕೆ ಹೊರಳಿಸಬೇಕು. ರಕ್ತ ಸುರಿಯುವಲ್ಲಿ ಶುದ್ಧವಾದ ಬಟ್ಟೆಯನ್ನಿಟ್ಟು ಬಿಡದೆ ಒತ್ತಿ ಹಿಡಿಯಬೇಕು. ಕಿತ್ತು ಜೋತ ನೆತ್ತಿಯ ಚರ್ಮವನ್ನು ಕತ್ತರಿಸಿ ಎಸೆಯಬಾರದು. ಅದನ್ನು ಸ್ವಸ್ಥಾನದಲ್ಲಿಟ್ಟು ಬಟ್ಟೆ ಸುತ್ತಿದರೆ ಶಸ್ತ್ರವೈದ್ಯರಿಗೆ ಉಪಯೋಗಕ್ಕೆ ಬರುತ್ತದೆ. ಗಾಯಗೊಂಡ ಕಣ್ಣನ್ನು ಒತ್ತದೆ ಮೇಲಿನಿಂದ ಮುಚ್ಚಿಡಬೇಕು.

ಕುದುರೆಯಿಂದ ಬಿದ್ದವನಿಗೆ ಕತ್ತು ಅಥವಾ ಬೆನ್ನು ನೋವಿದ್ದರೆ ಅವನನ್ನು ಎಬ್ಬಿಸಿ ನಡೆಸಬಾರದು. ಹೊಟ್ಟೆಗೆ ಗೊರಸಿನ ಒದೆ ಬಿದ್ದವನು ಆ ಕ್ಷಣಕ್ಕೆ ಸರಿಯಾಗಿದ್ದರೂ ಒಳಗೆ ರಕ್ತ ಸೋರುತ್ತಿರಬಹುದು. ವೈದ್ಯರ ಪರೀಕ್ಷೆ ಅವಶ್ಯ.

ಪ್ರಾಣಾಪಾಯದ ರಕ್ತಸ್ರಾವ ನಿಂತ ಮೇಲೆ, ಕಚ್ಚಿದ ಮತ್ತು ಪರಚಿದ ಗಾಯಗಳನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದ ಪುಡಿ, ಎಲೆಯ ರಸ ಯಾವುದನ್ನೂ ತುಂಬಬಾರದು. ಕಾಡುಪ್ರಾಣಿಯ ಕಡಿತವನ್ನು ಹುಚ್ಚುನಾಯಿಯ ಕಡಿತದಷ್ಟೇ ಗಂಭೀರವೆಂದು, ಅಂದರೆ ಮೂರನೆಯ ವರ್ಗದ ಗಾಯವೆಂದು ಪರಿಗಣಿಸುತ್ತಾರೆ. ರೇಬೀಸ್ ಲಸಿಕೆಯ ಜೊತೆಗೆ ಗಾಯದ ಸುತ್ತ ಪ್ರತಿವಿಷದ ಚುಚ್ಚುಮದ್ದೂ ಬೇಕು. ಧನುರ್ವಾಯುವಿನ ಚುಚ್ಚುಮದ್ದೂ ಬೇಕು. ಲಸಿಕೆಯನ್ನು ಮಾಂಸಖಂಡಕ್ಕೆ ಕೊಡುವ ಕ್ರಮದಲ್ಲಿ ಮೊದಲ ದಿನ, ಅನಂತರ 3, 7, 14 ಮತ್ತು 28ನೆಯ ದಿನಗಳಲ್ಲಿ ಕೊಡುತ್ತಾರೆ. ಗಾಯ ಮಾಯುತ್ತಿದೆಯೆಂದು ನಡುವೆ ನಿಲ್ಲಿಸಿದರೆ ಮಾಡಿದ್ದೆಲ್ಲ ವ್ಯರ್ಥ. ರೇಬೀಸ್ ಕಾಣಿಸಿಕೊಂಡ ಮೇಲೆ ಸಾವು ಬಹುತೇಕ ನಿಶ್ಚಿತ. ವಾಹನಕ್ಕಾಗಿ 108ಕ್ಕೆ ಕರೆ ಮಾಡಬೇಕು. ಕಾಡುಪ್ರಾಣಿಯಿಂದಾದ ಸಾವುನೋವಿಗೆ ಸರಕಾರದ ಪರಿಹಾರವುಂಟು. ಅರಣ್ಯ ಇಲಾಖೆಗೆ ತಡಮಾಡದೆ ತಿಳಿಸುವುದು, ಆಸ್ಪತ್ರೆಯ ಕಾಗದಪತ್ರಗಳನ್ನು ಕಾದಿಡುವುದು ಬಡ ಕುಟುಂಬಗಳಿಗೆ ಬಹಳ ಮುಖ್ಯ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕರಡಿಗೂ ಚಿರತೆಗೂ ರಕ್ಷಣೆ ಕೊಟ್ಟಿದೆ. ಬೀದಿಯಲ್ಲಿ ಮೂಗುದಾರ ಹಾಕಿ ಕರಡಿ ಕುಣಿಸುವ ದೃಶ್ಯ ಇಂದು ಕಾಣೆಯಾಗಿರುವುದು, ಕುಣಿಸುತ್ತಿದ್ದ ಕಲಂದರರಿಗೆ ಬೇರೆ ಜೀವನೋಪಾಯ ಒದಗಿಸಿ ಅವರ ಕರಡಿಗಳನ್ನು ಬನ್ನೇರುಘಟ್ಟದಂತಹ ಕೇಂದ್ರಗಳಿಗೆ ಸೇರಿಸಿದುದರ ಫಲ. ಕಾನೂನಿನ ಜೊತೆಗೆ ಮನುಷ್ಯನ ಹೊಟ್ಟೆಪಾಡಿನ ಕಡೆಗೂ ಗಮನವಿತ್ತಾಗ ಕೆಲಸ ಕೈಗೂಡಿತು. ಪಿಂಪರಖೇಡದ ತಾಯಂದಿರಿಗೂ ಕಬ್ಬು ಕಡಿಯಲು ಬೀಡ್ ಮೊದಲಾದ ಜಿಲ್ಲೆಗಳಿಂದ ಬಂದು ಗದ್ದೆಯ ಪಕ್ಕದ ಗುಡಿಸಲಲ್ಲಿ ಮಲಗುವ ಕೂಲಿಯವರಿಗೂ ಅದೇ ಬಗೆಯ ಗಮನ ಸಲ್ಲಬೇಕಾಗಿದೆ: ದೀಪ, ಬಾಗಿಲಿರುವ ಮನೆ, ಶೌಚಾಲಯ, ಹತ್ತಿರದ ಆಸ್ಪತ್ರೆಯಲ್ಲಿ ಲಸಿಕೆ ಮತ್ತು ಪ್ರತಿವಿಷದ ದಾಸ್ತಾನು. ನಗರದ ಸವಾರನಿಗೆ ಮೃಗದರ್ಶನ ರಜೆಯ ದಿನದ ಸಾಹಸ. ಅದೇ ಹಾದಿಯಲ್ಲಿ ಪ್ರತಿದಿನ ಬರಿಗಾಲಿನಲ್ಲಿ ನಡೆಯುವವರಿಗೆ ಮುನ್ನೆಚ್ಚರಿಕೆ ಕೊಡಲು ಕುದುರೆಯ ಕಿವಿಗಳೂ ಇಲ್ಲ. ಈ ಸೀಮೆಗೆ ಹೋಗುವ ಕನ್ನಡಿಗರು ಮೇಲಿನ ನಾಲ್ಕು ಮಾತುಗಳನ್ನು ತಾವು ತಿಳಿದುಕೊಳ್ಳುವುದರ ಜೊತೆಗೆ, ಅಲ್ಲಿಯ ಜನರಿಗೆ ಅವರ ಭಾಷೆಯಲ್ಲಿ ತಿಳಿಸಿ ಬಂದರೆ ಪ್ರವಾಸ ಸಾರ್ಥಕವಾದೀತು.